ಅಳಿಲಿನ ಮರ ಕುಟ್ಟಿದವರು

ನಡೆಯಲಾಗದ ಮುದಿ ತಾಯಿಯನ್ನು ಅಳಿಲು ಪಕ್ಕದ ಆಲದ ಮರದಲ್ಲಿ ಗಿಳಿಯ ಆರೈಕೆಗೆ ಬಿಟ್ಟಿತ್ತು. ತಾಯಿಗೆ ಏನಾದರೂ ಆದರೆ ಗಿಳಿ ಬಂದು ಅಳಿಲಿನ ಮರವನ್ನು ಕುಟ್ಟಬೇಕೆಂದು ಮಾತಾಗಿತ್ತು. ಆದರೆ ದಿನಕ್ಕೆ ಹತ್ತು ಸಲ ಕುಟ್ಟುತ್ತಿದ್ದುದು ಮರಕುಟಿಗ. ಪ್ರತಿ ಸಲವೂ ಅಳಿಲು ಅಮ್ಮನಿಗೇನಾಯಿತೋ ಎಂದು ಎದ್ದೆನೋ ಬಿದ್ದೆನೋ ಅಂತ ಓಡಿ ಬರುತ್ತಿತ್ತು.

“ಹೊಸ ಪೊಟರೆ ಕೊರೆದು ಕೊಡಲೇ? ಗಾಳಿ, ಬೆಳಕು ಎರಡೂ ಚೆನ್ನಾಗಿರುತ್ತವೆ.”

“ಬೇಡ ಅಂದೆನಲ್ಲ ಸ್ವಾಮಿ!”

“ಹಾಗಾದರೆ ಮಧ್ಯಾಹ್ನ ಬರಲೇ?”

ಒಂದು ದಿನ ಅಳಿಲಿಗೆ ಸಾಕಾಯಿತು. “ನಮ್ಮಲ್ಲಿ ಇಂಥದ್ದನ್ನೆಲ್ಲ ತೀರ್ಮಾನಿಸುವವರು ಅಮ್ಮ. ಆಲದ ಮರದಲ್ಲಿದ್ದಾರೆ, ಅವರನ್ನೇ ಕೇಳಿ,” ಎಂದಿತು.

ಮರಕುಟಿಗ ಹಾರಿ ಹೋಯಿತು. ಮಾತಾಡಲು ಯಾರೂ ಸಿಗದೆ ಬೇಸತ್ತಿದ್ದ ಮುದಿ ಅಳಿಲು ಅದನ್ನು ಕೂರಿಸಿಕೊಂಡು, ತಾನು ಹುಟ್ಟಿದ ದಿನದಿಂದ ಕಥೆ ಶುರುಮಾಡಿತು. ಸಂಜೆಯಾದರೂ ಕಥೆ ಮದುವೆಯವರೆಗೂ ಬಂದಿರಲಿಲ್ಲ.

ಮರುದಿನ ಮತ್ತೆ ಕುಟ್ಟಿದ ಸದ್ದು. ಅಳಿಲು ಓಡಿ ಬಂತು.

“ಪೊಟರೆ ಮಾರಲು ಬಂದಿಲ್ಲ,” ಎಂದಿತು ಮರಕುಟಿಗ. “ಅಮ್ಮ ಚೆನ್ನಾಗಿದ್ದಾರೆ, ಬೆಳಿಗ್ಗೆ ಎರಡು ಹಣ್ಣು ತಿಂದರು. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ ಅಂತ ಕೇಳಿಕೊಂಡು ಬಾ ಅಂದರು. ಬೇಗ ಹೇಳಿ, ಇವತ್ತು ಅವರ ಮದುವೆಯ ಕಥೆ ಇದೆ.”