ಮಗಳ ಜನನ ಪತ್ರದ ಸಹಿ

ಮಗಳ ಜನನ ಪತ್ರ ಮೂರನೆಯ ಸಲವೂ ಮೇಜಿನಾಚೆಯಿಂದ ತಿರುಗಿ ಬಂತು. ಕ್ರೇನ್ ಚಾಲಕ ಖಾದರಸಾಬನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತ್ತು. ಪತ್ರ ಅಸಲಿ ಎಂದು ಅಧಿಕಾರಿ ಮುದ್ರೆ ಒತ್ತದಿದ್ದರೆ ಒಂಬತ್ತು ವರ್ಷದ ಮಗಳಿಗೆ ವೀಸಾ ಇಲ್ಲ. ಅವಳನ್ನು ಬಿಟ್ಟೇ ಹೋಗಬೇಕು.

“ಇದು ಖೋಟಾ ಸಹಿ,” ಎಂದರು ಅಧಿಕಾರಿ ಪಂಪಣ್ಣ. “ಸರ್ಕಾರಿ ನೌಕರ ಹಿಂಗ ಗೀಚತಾನೇನು? ಕುಡದವ ಬರದಂಗೈತಿ. ನಡಿ.”

ಖಾದರಸಾಬ ಸುಸ್ತಾಗಿದ್ದ. ವಾದ ಮಾಡಲಿಲ್ಲ. ಮೂರು ದಿನ ಸಾಲಿನಲ್ಲಿ ನಿಂತು, ಪಂಪಣ್ಣ ಸಹಿ ಮಾಡುವುದನ್ನೇ ನೋಡಿದ್ದ.

“ಆತ್ರೀ ಸಾಹೇಬ್ರ. ಅದನ್ನ ಬರದು ಕೊಡ್ರಿ. ಮನ್ಯಾಗ ತೋರಸಬೇಕು.”

“ಕೊಡ್ತೀನಿ. ನಿನಗ ಅಂಜತೀನೇನು?”

ಸಹಿ ಖೋಟಾ, ಅರ್ಜಿ ತಿರಸ್ಕರಿಸಲಾಗಿದೆ ಎಂದು ಪಂಪಣ್ಣ ಬರೆದರು. ಕೆಳಗೆ ಜೋರಾಗಿ ಸಹಿ ಎಳೆದರು.

ಖಾದರಸಾಬ ಆ ಹಾಳೆಯನ್ನು ಜನನ ಪತ್ರದ ಪಕ್ಕದಲ್ಲಿಟ್ಟ. ಎರಡರಲ್ಲೂ ಅದೇ ಕೊಕ್ಕೆ, ಅದೇ ಬಾಲ, ಅವೇ ಎರಡು ಚುಕ್ಕೆ.

“ಒಂಬತ್ತು ವರ್ಷದ ಹಿಂದ ಈ ಪತ್ರ ಕೊಟ್ಟ ಪುರಸಭೆಯಾಗ ಇದ್ರೇನ್ರೀ ಸಾಹೇಬ್ರ?”

ಪಂಪಣ್ಣ ಎರಡೂ ಸಹಿ ನೋಡಿದರು. ಸಾಲಿನವರು ಬಗ್ಗಿ ನೋಡತೊಡಗಿದರು.

“ಇದರಾಗ ಖೋಟಾ ಯಾವುದ್ರೀ?” ಎಂದ ಖಾದರಸಾಬ.

ಪಂಪಣ್ಣ ತಾವು ಬರೆದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು. ಜನನ ಪತ್ರಕ್ಕೆ ಮುದ್ರೆ ಒತ್ತಿದರು.