ಹೊತ್ತು ಮುಳುಗಿದ ಮೇಲೆ ದೋಣಿ ಬಿಡಬಾರದು

ಸುವ್ರತಸೇನ ನಲವತ್ತು ವರ್ಷ ರಾಜ್ಯವಾಳಿದ. ಅವನು ಕಲ್ಲಿನಲ್ಲಿ ಕೊರೆಸಿದ ಕಟ್ಟಳೆಗಳಿಂದಾಗಿ ಒಂಟಿ ಹೆಂಗಸು ಕೂಡ ಕಾಡುದಾರಿಯಲ್ಲಿ ನಿರ್ಭಯವಾಗಿ ನಡೆದುಹೋಗುತ್ತಿದ್ದಳು. ಮುಪ್ಪು ಬಂದಾಗ ಪಟ್ಟವನ್ನು ಮಗಳಿಗೆ ಬಿಟ್ಟು, ಹೊಳೆದಂಡೆಯ ಆಶ್ರಮಕ್ಕೆ ಬಂದು ಶಿಷ್ಯನಾದ.

ಒಂದು ಸಂಜೆ ಕೇಳಿದ: "ಗುರುಗಳೇ, ನನ್ನ ಕಟ್ಟಳೆಗಳಿಂದ ಯಾರಿಗಾದರೂ ಕೇಡಾಗಿದೆಯೇ?"

ಗುರುಗಳು ಅವನ ಕೈಹಿಡಿದು ದೋಣಿಗಟ್ಟಕ್ಕೆ ಕರೆದೊಯ್ದರು. ಅಲ್ಲಿ ಅಂಬಿಗ ಕೇತ ದೋಣಿಯನ್ನು ಗೂಟಕ್ಕೆ ಕಟ್ಟುತ್ತಿದ್ದ.

"ಕೇತಾ, ಇವರಿಗೆ ನಿನ್ನ ತಂಗಿಯ ವಿಷಯ ಹೇಳಪ್ಪಾ."

ನಾರುಮಡಿ ಉಟ್ಟ ಮುದುಕನಲ್ಲಿ ಕೇತನಿಗೆ ದೊರೆಯ ಗುರುತು ಹತ್ತಲಿಲ್ಲ.

"ಹೇಳೋದೇನಿದೆ ಸ್ವಾಮಿ? ತುಂಬಿದ ಬಸುರಿ. ಆಚೆ ದಡಕ್ಕೆ ಬರೋ ಹೊತ್ತಿಗೆ ಸೂರ್ಯ ಮುಳುಗಿದ್ದ, ನೋವೂ ಶುರುವಾಗಿತ್ತು. 'ಅಣ್ಣಾ, ದೋಣಿ ತಾ' ಅಂತ ಕೂಗಿದಳು. ಹೊತ್ತು ಮುಳುಗಿದ ಮೇಲೆ ದೋಣಿ ಬಿಡಬಾರದು ಅಂತ ದೊರೆಗಳ ಕಟ್ಟಳೆ. ಈ ದಡದಲ್ಲೇ ಕೂತೆ. ಬೆಳಕು ಹರಿದ ಮೇಲೆ ಹೋದೆ. ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ."

ಆ ಕಟ್ಟಳೆ ಸುವ್ರತಸೇನನಿಗೆ ಚೆನ್ನಾಗಿ ನೆನಪಿತ್ತು. ಕತ್ತಲಲ್ಲಿ ದೋಣಿ ಮಗುಚಿ ಮೂವತ್ತು ಜನ ಸತ್ತ ವರ್ಷ, ಅಳುತ್ತಲೇ ಅದನ್ನು ಬರೆಸಿದ್ದ.

"ದೊರೆಯ ಮೇಲೆ ನಿನಗೆ ಸಿಟ್ಟಿಲ್ಲವೇ?" ಎಂದು ಕೇಳಿದ.

"ನನ್ನ ತಂಗಿ ಬರ್ತಾಳೆ ಅಂತ ಅವರಿಗೇನು ಗೊತ್ತು ಸ್ವಾಮಿ? ಅವಳ ಕೂಗು ಕೇಳಿಸಿದ್ದು ನನಗೆ. ನಾನು ಹೋಗಬೇಕಿತ್ತು."

ಸುವ್ರತಸೇನ ಕೆಸರಿನಲ್ಲಿ ಕುಸಿದು ಕೂತು ಅವನ ಪಾದ ಹಿಡಿದುಕೊಂಡ.

"ಆ ದೊರೆ ನಾನೇ ಕಣಪ್ಪಾ. ತಪ್ಪು ನನ್ನದು. ಇನ್ನು ಅದನ್ನು ನೀನು ಹೊರಬೇಡ."

ಕೇತ ಹೌಹಾರಿ ಹಿಂದೆ ಸರಿದ. ಆಮೇಲೆ ಬಗ್ಗಿ ಮುದುಕನ ಎರಡೂ ತೋಳು ಹಿಡಿದ.

"ಏಳಿ ಸ್ವಾಮಿ. ನೆಲ ತಣ್ಣಗಿದೆ."

ಎಬ್ಬಿಸುತ್ತ ಎಬ್ಬಿಸುತ್ತ ಅವನಿಗೇ ಅಳು ಬಂತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಅತ್ತರು.

ಕೊನೆಗೆ ಸುವ್ರತಸೇನ ಕಣ್ಣೊರೆಸಿಕೊಂಡು ಗುರುಗಳತ್ತ ತಿರುಗಿದ.

"ಮಗಳಿಗೆ ಹೇಳಿ ಕಟ್ಟಳೆ ತಿದ್ದಿಸುತ್ತೇನೆ. ಆದರೆ ಏನೆಂದು ಬರೆಸಲಿ? ಬಸುರಿಯರನ್ನು ದಾಟಿಸಬಹುದು ಅಂತಲೇ? ಹಾವು ಕಚ್ಚಿದವರು ಬಂದರೆ? ತಾಯಿಯ ಕೊನೆಯುಸಿರಿಗೆ ಓಡಿಬಂದ ಮಗ ಇದ್ದರೆ?"

ಹೊತ್ತು ಮುಳುಗಿ ಹೊಳೆಯ ಮೇಲೆ ಮಬ್ಬು ಇಳಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ನಿಂತು ಕೈ ಬೀಸುತ್ತಿದ್ದರು.

ಗುರುಗಳು ದೋಣಿಯಿಂದ ಹುಟ್ಟು ಎತ್ತಿ ಶಿಷ್ಯನ ಕೈಗೆ ಕೊಟ್ಟರು.

"ಅಲ್ಲಿ ಯಾರು ಬಂದಿದ್ದಾರೋ, ಮೊದಲು ಹೋಗಿ ಕೇಳಿಕೊಂಡು ಬಾ."