ಅಮೃತಬಳ್ಳಿ ನೂಲಲು ಕಲಿತದ್ದು

ಲೋಕ ಆಗಿನ್ನೂ ಹೊಸದು. ಇರುವೆಗಳು ಸಾಲು ಹಿಡಿದು ನಡೆಯುವುದನ್ನು ಕಲಿತಿರಲಿಲ್ಲ, ಗಿಡಮರಗಳು ಮಾತು ಮರೆತಿರಲಿಲ್ಲ. ಆ ಕಾಲದಲ್ಲಿ ಅಮೃತಬಳ್ಳಿಗೆ ಇದ್ದದ್ದು ಒಂದೇ ಒಂದು ಕಾಲು. ಅದನ್ನು ನೆಲದಲ್ಲಿ ಊರಿ, ಬೇವಿನ ಮರ ಹತ್ತಿ, ಮೇಲೆ ಕೂತು ದಿನವಿಡೀ ಗಾಳಿಯ ಜೊತೆ ಹರಟುತ್ತಿತ್ತು.

ಮರದ ಪಕ್ಕದ ಕುರಿಹಟ್ಟಿಯಲ್ಲಿ ಮೈಲಜ್ಜಿ ಇದ್ದಳು. ಉಣ್ಣೆ ನೂಲುವುದರಲ್ಲಿ ಎತ್ತಿದ ಕೈ. ಆತುರದಲ್ಲೂ ಅಷ್ಟೇ ಎತ್ತಿದ ಕೈ.

ಒಂದು ದಿನ ಅವಳ ಮೊಮ್ಮಗಳು ಕಾಟವ್ವನಿಗೆ ಜ್ವರ ಬಂತು. ಕುರಿಮರಿಗಳಿಗೇ ಕುಣಿತ ಕಲಿಸುತ್ತಿದ್ದ ಹುಡುಗಿ ಕಂಬಳಿ ಹೊದ್ದು ನಡುಗುವುದನ್ನು ಕಂಡು ಅಜ್ಜಿಗೆ ಕೈಕಾಲೇ ಆಡಲಿಲ್ಲ. ಆಮೇಲೆ ಆಡಿದ್ದು ಅತಿಯಾಯಿತು. ಕುಡುಗೋಲು ಹಿಡಿದು ಓಡಿದವಳೇ ಬಳ್ಳಿಯ ಬುಡಕ್ಕೇ ಕೈಹಾಕಿ, ಅದನ್ನು ಕಡಿದು ಬೇರಿನ ಸಮೇತ ಕಿತ್ತು ತಂದಳು. ಮೇಲಿನ ಬಳ್ಳಿ ಮರದಲ್ಲೇ ಉಳಿಯಿತು.

ಜಜ್ಜಿ, ಕುದಿಸಿ, ಕಷಾಯ ಕುಡಿಸಿದಳು. ಜ್ವರ ಇಳಿಯಿತು. ಆದರೆ ಅದು ಹೋದ ದಾರಿಯಲ್ಲೇ ತಿರುಗಿ ಬರುವ ಜ್ವರ. ಮತ್ತೆ ಬಂತು. ಅಜ್ಜಿ ಮತ್ತೆ ಓಡಿ ಬಂದು ನೋಡಿದರೆ, ಬಳ್ಳಿಯ ಎಲೆಗಳೆಲ್ಲ ಜೋಲುಬಿದ್ದಿದ್ದವು.

"ಇದ್ದ ಒಂದು ಕಾಲನ್ನೂ ಒಯ್ದೆಯಲ್ಲ ಮೈಲಜ್ಜಿ," ಎಂದಿತು ಬಳ್ಳಿ. "ಮೈಯಲ್ಲಿ ಚೂರು ನೀರಿದೆ. ಅದು ಆರುವ ತನಕ ನಾನು. ಇವತ್ತಿಗೆ ಒಂದು ತುಂಡು ಕೊಯ್ದುಕೋ. ಜ್ವರ ಇನ್ನೊಮ್ಮೆ ಬಂದರೆ ಮಗೀಗೆ ಏನು ಕೊಡ್ತೀಯ?"

ಬಳ್ಳಿಯನ್ನು ಉಳಿಸಿಕೊಡು ಎಂದು ಅಜ್ಜಿ ಬೇವಿನ ಮರವನ್ನು ಕೇಳಿಕೊಂಡಳು. ತಬ್ಬಿ ಹಿಡಿದುಕೊಳ್ಳಬಲ್ಲೆ, ಉಣಿಸಲಾರೆ ಎಂದಿತು ಮರ. ಗಾಳಿಯನ್ನು ಕೇಳಿಕೊಂಡಳು. ತೂಗಬಲ್ಲೆ, ನೆಡಲಾರೆ ಎಂದಿತು ಗಾಳಿ.

ಕಾಟವ್ವನಿಗೆ ಕಷಾಯ ಕುಡಿಸಿ ಮಲಗಿಸಿ, ಅಜ್ಜಿ ಮರದ ಪಕ್ಕದ ಬಂಡೆ ಹತ್ತಿ ನಿಂತಳು. ಚಿಂತೆ ಬಂದರೆ ನೂಲುವುದು ಅವಳ ಅಭ್ಯಾಸ. ಒಂದು ಹಿಡಿ ಉಣ್ಣೆಯಿಂದ ಎಳೆ ಎಳೆದು, ನೂಲುವ ಕಡ್ಡಿ ಕದಿರನ್ನು ತಿರುಗಿಸಿ ಕೆಳಗೆ ಇಳಿಬಿಟ್ಟಳು. ಕದಿರು ಗಿರಗಿರ ತಿರುಗಿತು, ಎಳೆ ಇಳಿಯಿತು. ಇನ್ನಷ್ಟು ತಿರುಗಿತು, ಇನ್ನಷ್ಟು ಇಳಿಯಿತು. ಕೊನೆಗೆ ಕದಿರು ಬಂಡೆಯ ಬುಡದ ಮಣ್ಣನ್ನು ಮುಟ್ಟಿತು.

ಬಳ್ಳಿ ಇದನ್ನೇ ನೋಡುತ್ತಿತ್ತು. ಹಿಡಿ ಉಣ್ಣೆಯಲ್ಲಿ ಅಷ್ಟುದ್ದದ ದಾರ ಎಲ್ಲಿ ಅಡಗಿತ್ತು ಎಂದು ಕೇಳಿತು.

"ಅಡಗಿರೋದೇನಿಲ್ಲ ಕಣವ್ವ," ಎಂದಳು ಅಜ್ಜಿ. "ಇರೋದನ್ನೇ ಸಣ್ಣಗೆ ಎಳೀಬೇಕು. ಆತುರ ಪಟ್ಟರೆ ಹರೀತದೆ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಬಳ್ಳಿ ನಕ್ಕಿತು. ಆಮೇಲೆ ಕಣ್ಣು ಮುಚ್ಚಿ, ಮೈಯಲ್ಲಿ ಉಳಿದಿದ್ದ ನೀರನ್ನೇ ಸಣ್ಣಗೆ ಎಳೆಯತೊಡಗಿತು. ಮೊದಲ ಎಳೆ ಹರಿಯಿತು. ಎರಡನೆಯದು ಗಂಟಾಯಿತು. ಸಣ್ಣಗೆ, ಇನ್ನೂ ಸಣ್ಣಗೆ ಎಂದು ಅಜ್ಜಿ ಕೆಳಗಿನಿಂದ ಹೇಳಿಕೊಡುತ್ತಲೇ ಇದ್ದಳು. ಗಾಳಿ ಕೂಡ ತನ್ನ ತುಂಟಾಟ ಬಿಟ್ಟು ಉಸಿರು ಬಿಗಿಹಿಡಿದು ಕೂತಿತು. ಎಳೆ ದಿನಾ ಒಂದಿಷ್ಟು ಇಳಿಯಿತು, ದಿನಾ ಒಂದಿಷ್ಟು ಇಳಿಯಿತು.

ಒಂದು ಬೆಳಿಗ್ಗೆ ಅದು ಮಣ್ಣು ಮುಟ್ಟಿತು. ಮಣ್ಣು ಮುಟ್ಟಿದ್ದೇ ಬೇರಾಯಿತು. ಮೇಲೆ ಎಲೆಗಳು ಒಂದೊಂದಾಗಿ ತಲೆ ಎತ್ತಿದವು. ಜ್ವರ ಇನ್ನೊಮ್ಮೆ ಬಂದಾಗ ಬಳ್ಳಿಯಲ್ಲಿ ಕೊಡಲು ಬೇಕಾದಷ್ಟಿತ್ತು. ಅಜ್ಜಿ ಈ ಸಲ ಬುಡ ಮುಟ್ಟದೆ, ಮೇಲಿಂದ ಗೇಣುದ್ದ ಮಾತ್ರ ಕೊಯ್ದಳು. ಕಷಾಯ ಕುಡಿದ ಕಾಟವ್ವ ಮುಖ ಕಿವುಚಿ ಎದ್ದು ಕೂತಳು, ಮಾರನೆಯ ದಿನವೇ ಕುರಿಮರಿಗಳ ಹಿಂದೆ ಕುಣಿಯುತ್ತ ಓಡಿದಳು. ಆ ಜ್ವರ ದಾರಿ ಮರೆತೇಬಿಟ್ಟಿತು.

ಅದಕ್ಕೇ ಮಗು, ಅಮೃತಬಳ್ಳಿಯ ಬುಡವನ್ನು ಯಾರು ಕಡಿದರೂ ಅದು ಸಾಯದು. ಮೇಲಿನಿಂದ ತೆಳ್ಳನೆಯ ದಾರವೊಂದು ತೂಗಾಡುತ್ತ ನೆಲ ಹುಡುಕಿಕೊಂಡು ಇಳಿದು ಬರುತ್ತಿದ್ದರೆ, ಅದು ಮೈಲಜ್ಜಿ ಕಲಿಸಿದ ನೂಲು.